ಅಂಜಿಕೆಗೆ ದಾಕ್ಷಿಣ್ಯವಿಲ್ಲ

ನಮ್ಮ ಕಾಲೇಜಿನ ಆವರಣದಲ್ಲಿ ಅತ್ಯಂತ ಅಗ್ಗವಾಗಿ ದೊರೆಯುವ ವಸ್ತು ಯಾವುದೆಂದು ಕೇಳಿದರೆ ಕ್ಯಾಂಟೀನಿನ ಚಹವೆಂದು ಹೇಳುವವರುಂಟು. ನನ್ನ ಮತದಲ್ಲಿ ಅದು ಹೊಗಳಿಕೆ. ಗೆಳೆಯನೊಬ್ಬ ಕವಿತೆ ಬರೆದು ತಂದು ಓದಿದರೆ "ಚಲೋ ಆಗೇತಿ" ಎನ್ನುತ್ತೇವೆ. ಸ್ನೇಹಸಮ್ಮೇಳನದಲ್ಲಿ ಏಕಾಂಕವಾಡಿದರೆ "ಭಾರೀ ಆತು" ಎಂದು ಬೆನ್ನು ಚಪ್ಪರಿಸುತ್ತೇವೆ. ಇದರ ಹಿಂದೆ ಕೆಟ್ಟ ಬುದ್ಧಿಯೇನೂ ಇಲ್ಲ. ನಾಲ್ಕು ದಿನ ನಿದ್ದೆಗೆಟ್ಟು ದುಡಿದವನ ಮುಖ ಬಾಡಬಾರದೆಂಬ ಕರುಣೆಯಿದೆ, ನಾಳೆ ಅವನೊಡನೆಯೇ ಕುಳಿತು ಉಣ್ಣಬೇಕೆಂಬ ವಿವೇಕವೂ ಇದೆ. ಆದರೆ ಹೀಗೆ ಮೂರು ವರ್ಷ ಹೊಗಳಿಸಿಕೊಂಡು ಹೊರಬಿದ್ದ ವಿದ್ಯಾರ್ಥಿ, ತನ್ನ ಕೆಲಸ ಎಲ್ಲಿ ಸೊರಗಿತ್ತೆಂಬುದನ್ನು ಯಾರಿಂದಲೂ ಕೇಳದೆಯೇ ಹೊರಬೀಳುತ್ತಾನೆ. ಮುಂದೆ ಅದನ್ನು ಅವನಿಗೆ ಹೇಳುವವರು ಅಪರಿಚಿತರು. ಅವರು ಕರುಣೆಯಿಂದ ಹೇಳುವರೆಂಬ ಭರವಸೆಯಿಲ್ಲ.

ಈ ಹೊಗಳಿಕೆಯ ಕಟ್ಟನ್ನು ಮುರಿಯಬಲ್ಲ ಕಲಾಪ್ರಕಾರ ಒಂದುಂಟು. ಅದು ದೆವ್ವದ ಸಿನೆಮಾ. ಮಾತು ಹಗುರವೆನಿಸಬಹುದು, ವಿಚಾರ ಮಾಡಿ ನೋಡಿರಿ. ನಗೆಯ ದೃಶ್ಯಕ್ಕೆ ಗೆಳೆಯರು ದಾಕ್ಷಿಣ್ಯಕ್ಕಾಗಿ ನಗಬಲ್ಲರು. ದುಃಖದ ದೃಶ್ಯಕ್ಕೆ ಮುಖ ಸಪ್ಪಗೆ ಮಾಡಿಕೊಂಡು ಕೂಡ್ರಬಲ್ಲರು. ಆದರೆ ದಾಕ್ಷಿಣ್ಯಕ್ಕಾಗಿ ಯಾರೂ ಅಂಜಲಾರರು. ಮೈ ಜುಮ್ಮೆನ್ನುವುದು, ಉಸಿರು ಹಿಡಿಯುವುದು, ಪಕ್ಕದವನ ತೋಳನ್ನು ಗಟ್ಟಿಯಾಗಿ ಹಿಡಿಯುವುದು, ಇವು ಆದರೆ ಆದವು, ಇಲ್ಲವಾದರೆ ಇಲ್ಲ. ಅಂಜಿಸಬೇಕಾದ ಕಡೆಯಲ್ಲಿ ಸಭೆ ನಕ್ಕರಂತೂ ತೀರ್ಪು ಆಗಲೇ ಬಂದುಬಿಟ್ಟಿತು. ಆದುದರಿಂದ ಪ್ರೇಕ್ಷಕರಿಂದ ಕಲಿಯುವ ವಿದ್ಯೆಯನ್ನು ಅಭ್ಯಾಸ ಮಾಡಬೇಕೆನ್ನುವ ವಿದ್ಯಾರ್ಥಿಗೆ ಹಾರರ್ ಚಿತ್ರದ ಎರಡು ನಿಮಿಷದ ಟ್ರೇಲರಿಗಿಂತ ಒಳ್ಳೆಯ ಪಾಠಶಾಲೆ ಇಲ್ಲವೆಂದು ನಾನು ತಿಳಿಯುತ್ತೇನೆ. ಇಂಗ್ಲೆಂಡಿನ ಒಂದು ಪರೀಕ್ಷಾ ಮಂಡಳಿಯು 2010ರ ದಶಕದಲ್ಲಿ ಮಾಧ್ಯಮ ಅಧ್ಯಯನದ ವಿದ್ಯಾರ್ಥಿಗಳಿಂದ ಇಂಥ ಟ್ರೇಲರುಗಳನ್ನು ಮಾಡಿಸಿ, ನಿಮ್ಮ ಪ್ರೇಕ್ಷಕರ ಅಭಿಪ್ರಾಯದಿಂದ ನೀವು ಕಲಿತದ್ದೇನು ಎಂಬುದನ್ನೇ ಪ್ರಶ್ನೆಯಾಗಿ ಕೇಳುತ್ತಿತ್ತು. ಪ್ರಶ್ನೆ ಒಳ್ಳೆಯದು. ಅದಕ್ಕೆ ಉತ್ತರ ಕೊಡುವ ಸಾಮಗ್ರಿ ನಮ್ಮ ಗದಗಿನಲ್ಲಿಯೇ ಸಾಕಷ್ಟಿದೆ.

ಪ್ರೇಕ್ಷಕನ ಮುಂದೆ ನಿಂತು ಪಾಠ ಕಲಿತ ಊರು ಇದು. ಮರಾಠಿ ನಾಟಕಗಳೇ ಮೆರೆಯುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಶಾಂತಕವಿಗಳು, ಎಂದರೆ ಸಕ್ಕರಿ ಬಾಳಾಚಾರ್ಯರು, ಇಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ಕನ್ನಡದಲ್ಲಿ ಆಡಿ ತೋರಿಸಿದರು. ಮುಂದೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯು ಇದೇ ಊರಿನಿಂದ ಹೊರಟು ನಾಡನ್ನು ಸುತ್ತಿತು. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ತಮ್ಮ ಅಂಧ ಶಿಷ್ಯರ ಹೊಟ್ಟೆ ತುಂಬಿಸಲು ನಾಟಕದ ಕಂಪನಿ ನಡೆಸಿದರು. ಕಂಪನಿಯ ನಾಟಕದಲ್ಲಿ ಅಭಿಪ್ರಾಯ ಸಂಗ್ರಹಕ್ಕೆ ಕಾಗದವೇ ಬೇಕಿರಲಿಲ್ಲ. ಪದ ಮೆಚ್ಚಿದರೆ "ಒನ್ಸ್ ಮೋರ್" ಎಂಬ ಕೂಗು. ಬೇಸರವಾದರೆ ಕೆಮ್ಮು, ಆಕಳಿಕೆ, ಬೀಡಿ ಹಚ್ಚುವ ಸಪ್ಪಳ. ಮರುದಿನ ಖಾಲಿ ಕುರ್ಚಿ. ಕಣ್ಣು ಕಾಣದ ಗಾಯಕನಿಗಂತೂ ಪ್ರೇಕ್ಷಕನೆಂದರೆ ಬರಿಯ ಸಪ್ಪಳವೇ ಸರಿ. ಆ ಸಪ್ಪಳವನ್ನು ಓದಲು ಬಲ್ಲವನಿಗೆ ಮಾತ್ರ ಮುಂದಿನ ಊರಿನಲ್ಲಿ ಅನ್ನ. ದುಡ್ಡು ಕೊಟ್ಟು ಬಂದವನು ಗೆಳೆಯನಲ್ಲದ್ದರಿಂದಲೇ ಆತ ಒಳ್ಳೆಯ ಗುರುವಾಗಿದ್ದನು.

ಇದಕ್ಕಿಂತ ಬಹು ಹಿಂದೆ ಭರತಮುನಿಯೂ ಈ ವಿಷಯವನ್ನು ಯೋಚಿಸಿದ್ದನು. ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿ ಎರಡು ಬಗೆ. ಮುಗುಳುನಗೆ, ಅಟ್ಟಹಾಸ, "ಸಾಧು" "ಅಹೋ" ಎಂಬ ಉದ್ಗಾರ, ರೋಮಾಂಚ, ಆಸನ ಬಿಟ್ಟು ಎದ್ದು ನಿಲ್ಲುವುದು, ವಸ್ತ್ರವನ್ನೋ ಉಂಗುರವನ್ನೋ ನಟನ ಕಡೆಗೆ ಎಸೆಯುವುದು, ಇವೆಲ್ಲ ಮಾನುಷೀ ಸಿದ್ಧಿಯ ಗುರುತುಗಳು. ರಂಗಮಂದಿರ ತುಂಬಿದ್ದು, ಸದ್ದಿಲ್ಲದೆ, ಅಲುಗಾಟವಿಲ್ಲದೆ ಸಭೆ ಕುಳಿತಿದ್ದರೆ ಅದು ದೈವಿಕೀ ಸಿದ್ಧಿ. ಪ್ರಯೋಗದ ಗುಣದೋಷಗಳನ್ನು ನಿರ್ಣಯಿಸಲು ಭರತನು ಹತ್ತು ಬಗೆಯ ಪ್ರಾಶ್ನಿಕರನ್ನೂ ಹೇಳುತ್ತಾನೆ. ಯಜ್ಞದ ವಿಷಯಕ್ಕೆ ಯಜ್ಞ ಬಲ್ಲವನು, ಅಭಿನಯಕ್ಕೆ ನಟ, ನಿಲುವಿನ ಸೌಷ್ಠವಕ್ಕೆ ಬಿಲ್ಲುಗಾರ, ವೇಷಭೂಷಣಕ್ಕೆ ಚಿತ್ರಕಾರ, ಹೀಗೆ. ಒಬ್ಬನೇ ಪ್ರೇಕ್ಷಕನಿಗೆ ಎಲ್ಲವೂ ತಿಳಿಯದು. ಆದರೆ ಪ್ರತಿಯೊಬ್ಬನಿಗೂ ಯಾವುದೋ ಒಂದು ವಿಷಯ ಮಾಡಿದವನಿಗಿಂತ ಚೆನ್ನಾಗಿ ತಿಳಿದಿರುತ್ತದೆ. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಓದುಗರಲ್ಲಿ ಬಿನ್ನಹ.

ಇನ್ನು ಪ್ರಸ್ತುತಕ್ಕೆ ಬರೋಣ. ನಮ್ಮ ಕೆಲವು ಗೆಳೆಯರು ಸೇರಿ ಮೊಬೈಲಿನಲ್ಲಿ ಒಂದು ಟ್ರೇಲರ್ ತೆಗೆದರು. ಚಿತ್ರ ಇನ್ನೂ ಇಲ್ಲ, ಟ್ರೇಲರ್ ಮಾತ್ರ ಇದೆ. ಈಗಿನ ಕಾಲದಲ್ಲಿ ಬಾಗಿಲು ಮೊದಲು, ಮನೆ ಆಮೇಲೆ. ಬೆಟಗೇರಿಯ ಒಂದು ಹಳೆಯ ವಾಡೆ. ಅಲ್ಲಿಗೆ ಓದಲು ಬಂದಿಳಿಯುವ ಒಬ್ಬ ಹುಡುಗಿ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದ "ನಾಳೆ ಬಾ" ಎಂಬ ಎರಡು ಶಬ್ದ. ಕತ್ತಲೆ ಕೋಣೆಯಲ್ಲಿ ಒಂದು ತೊಟ್ಟಿಲು. ಕೊನೆಗೆ ಬಿಳಿ ಸೀರೆಯುಟ್ಟು ಕೂದಲು ಬಿಟ್ಟ ಆಕೃತಿ, ಅದರೊಡನೆ ಕಿವಿಗಡಚಿಕ್ಕುವ ಸದ್ದು. ನಾನು ಆ ತಂಡದವನಲ್ಲ. ಅದನ್ನು ತೋರಿಸಿದ ಮೂರು ಸಲವೂ ನೋಡುಗರ ನಡುವೆ ಕುಳಿತವನು ಮಾತ್ರ. ಅದರಿಂದ ನನಗೆ ಪರದೆಗಿಂತ ಮುಖಗಳು ಹೆಚ್ಚು ಕಂಡವು.

ಮೊದಲನೆಯ ಪ್ರದರ್ಶನ ಹಾಸ್ಟೆಲಿನ ಕೋಣೆಯಲ್ಲಿ. ಬಿಳಿ ಸೀರೆ ಕಂಡೊಡನೆ ಸಿಳ್ಳು, ಕೇಕೆ, ಬಿದ್ದು ಬಿದ್ದು ನಗೆ. ಸೀರೆಯೊಳಗೆ ಇದ್ದವನು ನಮ್ಮ ತರಗತಿಯ ಹುಡುಗನೆಂಬುದು ಎಲ್ಲರಿಗೂ ಗೊತ್ತು. ಮುಗಿದ ಮೇಲೆ ಕೇಳಿದರೆ ಒಕ್ಕೊರಲಿನಿಂದ "ಭಾರೀ ಐತಿ". ತಂಡಕ್ಕೆ ಆನಂದವೋ ಆನಂದ. ಆದರೆ ಆ ಗದ್ದಲ ಗೆಳೆಯನನ್ನು ಗುರುತು ಹಿಡಿದ ಗದ್ದಲವಾಗಿತ್ತು. ಪರಿಚಿತನು ಎಷ್ಟು ಕೂದಲು ಕೆದರಿಕೊಂಡರೂ ಪರಿಚಿತನಿಗೆ ದೆವ್ವವಾಗಲಾರ. ಗೆಳೆಯರು ಸುಳ್ಳು ಹೇಳಿದರೆಂದಲ್ಲ. ನಿಜವನ್ನು ಕಾಣುವ ಸ್ಥಳದಲ್ಲಿ ಅವರು ಕುಳಿತಿರಲೇ ಇಲ್ಲ.

ಎರಡನೆಯ ಸಲ, ತಂಡದವರೊಬ್ಬರ ಸಂಬಂಧಿಕರ ಮನೆ. ಶಿರಹಟ್ಟಿಯ ಕಡೆಯ ಒಂದು ಹಳ್ಳಿ. ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ, ಹೆಚ್ಚಿನವರು ಹೆಣ್ಣುಮಕ್ಕಳು. ಬಿಳಿ ಸೀರೆ ಬಂದಾಗ ಯಾರೂ ನಗಲಿಲ್ಲ, ಯಾರೂ ಅಂಜಲೂ ಇಲ್ಲ. ಅದಕ್ಕೂ ಬಹಳ ಮುಂಚೆ, ಒಂದೇ ಒಂದು ಕ್ಷಣ, ಹಿಂದಿನ ಮೂಲೆಯಲ್ಲಿ ಖಾಲಿ ತೊಟ್ಟಿಲು ತಾನಾಗಿ ತೂಗಿದಾಗ ಇಬ್ಬರು ಮುದುಕಿಯರು ಬೆಚ್ಚಿ ಕೈ ಅಡ್ಡ ಹಿಡಿದರು. "ಖಾಲಿ ತೊಟ್ಟಿಲಾ ತೂಗಬಾರದಪಾ, ಮನೀಗೆ ಚಲೋದಲ್ಲ" ಎಂದರು. ತೊಟ್ಟಿಲು ತಂಡದವರಿಗೆ ಬರಿಯ ಸಾಮಾನು. ವಾಡೆಯಲ್ಲಿ ಇತ್ತು, ಕ್ಯಾಮೆರಾದಲ್ಲಿ ಬಿತ್ತು, ಗಾಳಿಗೋ ಯಾರ ಕೈ ತಾಗಿಯೋ ಅಲುಗಾಡಿತು. ತಾವು ಹುಡುಕಿಕೊಂಡು ಹೊರಟಿದ್ದ ಭಯ ತಮ್ಮದೇ ಚಿತ್ರದ ಮೂಲೆಯಲ್ಲಿ ಬಿದ್ದಿದೆಯೆಂಬುದು ಅವರಿಗೆ ಗೊತ್ತೇ ಇರಲಿಲ್ಲ.

ಅಲ್ಲಿಯೇ ಹತ್ತು ವರ್ಷದ ಹುಡುಗನೊಬ್ಬ, "ಅಣ್ಣಾ, 'ನಾಳೆ ಬಾ' ಬಾಗಲದ ಹೊರಗ ಬರೀತಾರ, ನೀವ್ಯಾಕ ಒಳಗ ಬರದೀರಿ?" ಎಂದು ಕೇಳಿದನು. ಪ್ರಶ್ನೆ ಸರಿಯಾದುದೇ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳ ಬಾಗಿಲುಗಳ ಮೇಲೆ ಈ ಬರಹವಿತ್ತು. ರಾತ್ರಿ ಬಂದು ಕರೆಯುವ ದೆವ್ವ ಅದನ್ನೋದಿ ಮರಳಿಹೋಗಬೇಕು, ಮರುದಿನ ಬಂದು ಮತ್ತೆ ಓದಬೇಕು. ಇದೇ ಕತೆಯ ಎಳೆಯನ್ನು ಹಿಡಿದು ಹಿಂದಿಯಲ್ಲಿ 2018ರಲ್ಲಿ 'ಸ್ತ್ರೀ' ಎಂಬ ಚಿತ್ರ ಬಂದಿತು. ನಮ್ಮ ತಂಡದವರು ಬೆಳಕು ಅನುಕೂಲವಾಗಿದೆಯೆಂದು ಒಳಬದಿಗೆ ಬರೆದಿದ್ದರು. ಹುಡುಗನ ಮಾತಿಗೆ ಒಬ್ಬರು, "ಹೊರಗೆ ಬರೆದು ಮತ್ತೆ ತೆಗೆಯೋಣ" ಎಂದರು. ಇನ್ನೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳಗೆ ಬರೆದಿದ್ದರೆ, ಅದು ಒಳಗೇ ಇದೆ ಎಂದರ್ಥವಾಯಿತಲ್ಲ" ಎಂದರು. ಕತೆಗೆ ಅಲ್ಲಿಯವರೆಗೆ ಇರದಿದ್ದ ಬೆನ್ನೆಲುಬು ಆ ಕ್ಷಣದಲ್ಲಿ ಬಂದಿತು.

ಕೊನೆಗೆ, ಗೋಡೆಗೆ ಒರಗಿ ಕುಳಿತಿದ್ದ ಹಿರಿಯ ತಾಯಿಯೊಬ್ಬರು ಮೆಲ್ಲಗೆ ಕೇಳಿದರು: "ತಮ್ಮಾ, ನಾನೂ ಬಿಳೀ ಸೀರೀನ ಉಡತೇನಿ. ನನ್ನ ನೋಡಿದ್ರ ನಿಮಗ ಅಂಜಿಕಿ ಬರತೈತೇನು?" ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಪಡಸಾಲೆಯಲ್ಲಿ ಯಾರಿಗೂ ಉತ್ತರ ತೋಚಲಿಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸಿನ ಉಡುಪನ್ನು ನಮ್ಮ ಚಿತ್ರಗಳು ಎಷ್ಟೋ ಕಾಲದಿಂದ ದೆವ್ವದ ಸಮವಸ್ತ್ರ ಮಾಡಿಕೊಂಡು ಬಂದಿವೆ. ನೋಡಿ ನೋಡಿ ನಮಗೆ ರೂಢಿಯಾಗಿದೆ, ಉಟ್ಟವರಿಗೆ ಆಗಿಲ್ಲ. ಶುಭಕಾರ್ಯಗಳಲ್ಲಿ ಹಿಂದೆ ಸರಿದು ನಿಲ್ಲಬೇಕಾಗಿ ಬಂದವರನ್ನು ಪರದೆಯ ಮೇಲೂ ನಾವು ಅಶುಭವಾಗಿಯೇ ತೋರಿಸುತ್ತಿದ್ದೇವೆ. ಪ್ರಶ್ನಾವಳಿ ಹಂಚಿ, ಐದರಲ್ಲಿ ಎಷ್ಟು ಅಂಕವೆಂದು ಕೇಳಿದ್ದರೆ ಈ ಮಾತು ಎಂದಿಗೂ ಹೊರಬರುತ್ತಿರಲಿಲ್ಲ. ಭರತನ ಪ್ರಾಶ್ನಿಕರ ಪಟ್ಟಿಯಲ್ಲಿ ಆ ತಾಯಿಯ ಹೆಸರಿಲ್ಲ. ಆದರೆ ಬಿಳಿ ಸೀರೆಯ ವಿಷಯಕ್ಕೆ ಅವರಿಗಿಂತ ದೊಡ್ಡ ಪ್ರಾಶ್ನಿಕರು ಯಾರು?

ಇಷ್ಟಾದ ಮೇಲೆ ತಂಡದಲ್ಲಿ ಜಗಳ ಹುಟ್ಟಿದುದು ಸಹಜ. ಸೀರೆಯುಟ್ಟು ನಾಲ್ಕು ರಾತ್ರಿ ಸೊಳ್ಳೆ ಕಡಿಸಿಕೊಂಡವನು, "ಹಾಸ್ಟೆಲ್ಲಿನಾಗ ಅಷ್ಟು ಸಿಳ್ಳು ಬಿದ್ದಾವ, ಸಮ್ಮೇಳನಕ್ಕ ಅದೇ ಬೇಕು" ಎಂದು ಹಟ ಹಿಡಿದನು. ಅವನ ಮಾತಿನಲ್ಲಿಯೂ ಅರ್ಥವಿತ್ತು. ಸಮ್ಮೇಳನದಲ್ಲಿ ಸಿಳ್ಳು ಬೀಳದ ಕಾರ್ಯಕ್ರಮವನ್ನು ಸೋತ ಕಾರ್ಯಕ್ರಮವೆಂದೇ ನಾವು ಲೆಕ್ಕ ಹಿಡಿಯುತ್ತೇವೆ. ಕೊನೆಗೆ ಅವನೇ ಒಪ್ಪಿ ಆ ಆಕೃತಿಯನ್ನು ಪೂರ್ತಿ ತೆಗೆದುಹಾಕಿದರು. ದೊಡ್ಡ ಸದ್ದನ್ನೂ ತೆಗೆದರು. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ತಗ್ಗು ಸ್ವರಗಳು ಕೇಳಿಸುವುದೇ ಇಲ್ಲ, ದೊಡ್ಡ ಕೋಣೆಯಲ್ಲಾದರೆ ಪಿಸುಮಾತು ಮಾರ್ದನಿಯಲ್ಲಿ ಕರಗುತ್ತದೆ ಎಂಬುದನ್ನು ಎರಡು ಕಡೆ ತೋರಿಸಿದ ಮೇಲೆಯೇ ಅವರು ಅರಿತರು. ತೊಟ್ಟಿಲು ಕೊನೆಗೆ ಬಂದಿತು. ಕರ್ರ್ ಎಂಬ ಅದರ ಹಗ್ಗದ ಸಪ್ಪಳವೊಂದನ್ನೇ ಉಳಿಸಿದರು.

ಮೂರನೆಯ ಸಲ ಕಾಲೇಜಿನ ತರಗತಿಯಲ್ಲಿ, ಅಧ್ಯಾಪಕರ ಸಮಕ್ಷಮ ತೋರಿಸಿದಾಗ ಒಂದೂ ಸಿಳ್ಳು ಬೀಳಲಿಲ್ಲ. ಹಿಂದಿನ ಬೆಂಚಿನವರು "ಏನೂ ಬರಲೇ ಇಲ್ಲಲೋ" ಎಂದು ಗೊಣಗಿದ್ದೂ ಉಂಟು. ಆದರೆ ತೊಟ್ಟಿಲು ತೂಗುತ್ತಿದ್ದಷ್ಟು ಹೊತ್ತು ಆ ಕೋಣೆಯಲ್ಲಿ ಬೆಂಚು ಸರಿದ ಸದ್ದೂ ಇರಲಿಲ್ಲ. ಸಿಳ್ಳೋ ನಿಶ್ಶಬ್ದವೋ, ಯಾವುದು ಬೇಕೆಂದು ಆರಿಸಿಕೊಳ್ಳುವ ಹೊಣೆ ಮಾಡಿದವರದು. ಭರತಮುನಿ ಯಾವುದನ್ನು ದೈವಿಕವೆಂದನೆಂಬುದನ್ನು ಮೇಲೆ ಹೇಳಿದ್ದೇನೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಪ್ರೇಕ್ಷಕ ಹೇಳಿದಂತೆ ಕುಣಿದರೆ ಕಲಾವಿದನಿಗೆ ಸ್ವಂತದ್ದೆಂಬುದು ಏನುಳಿಯಿತು? ಆಕ್ಷೇಪಣೆ ತೂಕವುಳ್ಳದ್ದು. ಇದಕ್ಕೆ ಹಾಲಿವುಡ್ಡಿನ ಎರಡು ಉದಾಹರಣೆಗಳು ಉತ್ತರ ಕೊಡುತ್ತವೆ. ಬಿಲ್ಲಿ ವೈಲ್ಡರನ 'ಸನ್‌ಸೆಟ್ ಬುಲೆವಾರ್ಡ್' (1950) ಚಿತ್ರ ಮೊದಲು ಶವಾಗಾರದಲ್ಲಿ ಆರಂಭವಾಗುತ್ತಿತ್ತು. ಹೆಣಗಳು ಒಂದರೊಡನೊಂದು ಮಾತಾಡುತ್ತಿದ್ದವು. ಬಿಡುಗಡೆಗೆ ಮುಂಚೆ ತೋರಿಸಿ ನೋಡಿದಾಗ ಜನ ಗೊಳ್ಳೆಂದು ನಕ್ಕರು. ವೈಲ್ಡರ್ ಆ ದೃಶ್ಯವನ್ನು ಕತ್ತರಿಸಿದನು. ಆದರೆ ಸತ್ತವನೇ ಕತೆ ಹೇಳುವನೆಂಬ ತನ್ನ ಮೂಲ ಕಲ್ಪನೆಯನ್ನು ಬಿಡಲಿಲ್ಲ. ಈಜುಕೊಳದಲ್ಲಿ ತೇಲುವ ಹೆಣದಿಂದ ಚಿತ್ರ ಹೊಸದಾಗಿ ಆರಂಭವಾಯಿತು, ಜನ ನಗಲಿಲ್ಲ. ನಗೆ ಎಲ್ಲಿ ಬಂದಿತೆಂಬುದನ್ನು ಪ್ರೇಕ್ಷಕರು ಹೇಳಿದರು, ಮದ್ದನ್ನು ಅವನೇ ಹುಡುಕಿದನು.

ಎರಡನೆಯದು ಸ್ಪೀಲ್‌ಬರ್ಗನ 'ಜಾಸ್' (1975). ಮುನ್ಪ್ರದರ್ಶನದಲ್ಲಿ ಜನ ಕಿರುಚಿದುದನ್ನು ಕಂಡು ಅವನಿಗೆ ಇನ್ನೊಂದು ಕಿರುಚಾಟ ಬೇಕೆನಿಸಿತು. ಚಿತ್ರದ ಸಂಕಲನಕಾರ್ತಿ ವರ್ನಾ ಫೀಲ್ಡ್ಸ್ ಅವರ ಮನೆಯ ಈಜುಕೊಳದಲ್ಲಿ, ಮುಳುಗಿದ ದೋಣಿಯ ತೂತಿನಿಂದ ಹೆಣದ ತಲೆಯೊಂದು ಹೊರಬರುವ ದೃಶ್ಯವನ್ನು ಹೊಸದಾಗಿ ಚಿತ್ರಿಸಿದನು. ಜನ ಕಿರುಚಿದರು. ಆದರೆ ಮುಂದೆ ಶಾರ್ಕ್ ಮೀನು ನೀರಿನಿಂದ ಮೇಲೇಳುವ ಮುಖ್ಯ ದೃಶ್ಯಕ್ಕೆ ಮೊದಲಿನಷ್ಟು ಕೂಗು ಬರಲಿಲ್ಲ. ಒಮ್ಮೆ ಏಟು ತಿಂದ ಜನ ಆಗಲೇ ಎಚ್ಚತ್ತು ಕುಳಿತಿದ್ದರು. ಒಂದು ಕಡೆ ಕೂಡಿಸಿದರೆ ಇನ್ನೊಂದು ಕಡೆ ಕಳೆಯುತ್ತದೆ. ಪ್ರೇಕ್ಷಕರು ಚಪ್ಪಾಳೆ ತಟ್ಟಿದ್ದನ್ನೇ ಇನ್ನಷ್ಟು ಬಡಿಸುತ್ತ ಹೋಗುವುದು ಕಲಿಕೆಯೆನಿಸಲಾರದು.

ಟ್ರೇಲರಿನ ಮಟ್ಟಿಗೆ ಇನ್ನೊಂದು ಮಾತು. ಟ್ರೇಲರೆಂದರೆ ಪ್ರೇಕ್ಷಕನಿಗೆ ಕೊಟ್ಟ ವಚನ. ಹಿಚ್‌ಕಾಕನು 'ಸೈಕೋ' (1960) ಚಿತ್ರದ ಟ್ರೇಲರಿನಲ್ಲಿ ತಾನೇ ನಿಂತು, ಕೊಲೆಯಾದ ಮನೆಯನ್ನೂ ಮೋಟೆಲನ್ನೂ ಪ್ರವಾಸಿಗರಿಗೆ ತೋರಿಸುವಂತೆ ತೋರಿಸಿದನು. ಆರು ನಿಮಿಷದ ಆ ಟ್ರೇಲರಿನಲ್ಲಿ ಕೊಲೆಯೊಂದನ್ನೂ ಕಾಣಿಸಲಿಲ್ಲ. ನಮ್ಮವರೇ ಆದ ಪವನ್ ಕುಮಾರ್ 'ಯೂ ಟರ್ನ್' (2016) ಚಿತ್ರದಲ್ಲಿ ಬೆಂಗಳೂರಿನ ಮೇಲ್ಸೇತುವೆಯ ಮೇಲೆ ಜನ ಕಲ್ಲು ಸರಿಸಿ ವಾಹನ ತಿರುಗಿಸುವ ನಿತ್ಯದ ಅಭ್ಯಾಸದಿಂದಲೇ ಭಯವನ್ನು ಹುಟ್ಟಿಸಿದರು. ಭಯದ ಬೀಜ ನಮ್ಮ ಸುತ್ತಲೇ ಇದೆ. ಕಪ್ಪತಗುಡ್ಡದ ಸಂಜೆ, ಲಕ್ಕುಂಡಿಯ ಮುಸುಕಿನ ಬಾವಿ ಎಂಬ ಆ ಹೆಸರು, ತೂಗುವ ಖಾಲಿ ತೊಟ್ಟಿಲು, ಇವುಗಳ ಮುಂದೆ ಬೇರೆಯವರಿಂದ ಕಡ ತಂದ ಬಿಳಿ ಸೀರೆ ಏನು ಮಾಡೀತು? ಅದನ್ನು ನಮಗೆ ತಿಳಿಸಿಕೊಟ್ಟವರು, ಒಂದು ದಿನವೂ ಚಲಚ್ಚಿತ್ರ ಶಾಸ್ತ್ರ ಓದದ ಇಬ್ಬರು ಮುದುಕಿಯರು.

ದೆವ್ವದ ಚಿತ್ರಗಳಿಂದ ಮೂಢನಂಬಿಕೆ ಬೆಳೆಯುವುದೆಂದು ಅಧ್ಯಾಪಕರಲ್ಲಿ ಕೆಲವರು ಹೇಳುತ್ತಾರೆ. ಭಯಾನಕವನ್ನು ಭರತನು ತನ್ನ ಎಂಟು ರಸಗಳಲ್ಲಿ ಒಂದಾಗಿ ಎಣಿಸಿದ್ದಾನೆ. ಅದನ್ನು ಅಭ್ಯಸಿಸುವುದು ದೆವ್ವವನ್ನು ನಂಬಿದಂತಲ್ಲ. ಆದರೆ ಆ ರಸವನ್ನು ಯಾರ ತಲೆಯ ಮೇಲೆ ಹೊರಿಸುತ್ತೇವೆಂಬ ವಿವೇಕ ಬೇಕು. ಆ ವಿವೇಕವೂ ಪ್ರೇಕ್ಷಕರ ನಡುವೆ ಕುಳಿತಾಗಲೇ ಬರುವುದೆಂಬುದಕ್ಕೆ ಶಿರಹಟ್ಟಿಯ ಕಡೆಯ ಆ ಪಡಸಾಲೆಯೇ ಸಾಕ್ಷಿ.

ಆದುದರಿಂದ ನನ್ನ ಸೂಚನೆಗಳು ಇಷ್ಟೇ. ಒಂದನೆಯದು, ಮೊದಲ ಪ್ರದರ್ಶನ ಅಪರಿಚಿತರಿಗೆ ಇರಲಿ; ಅವರಲ್ಲಿ ಹಿರಿಯರೊಬ್ಬರು, ಮಗುವೊಂದು ಅವಶ್ಯವಾಗಿ ಇರಲಿ. ಎರಡನೆಯದು, ತಂಡದವನೊಬ್ಬ ಪರದೆಗೆ ಬೆನ್ನು ಮಾಡಿ ಕುಳಿತು, ಎಷ್ಟನೆಯ ಸೆಕೆಂಡಿಗೆ ಯಾರು ಬೆಚ್ಚಿದರು, ಯಾರು ನಕ್ಕರು, ಯಾರು ಮೊಬೈಲು ನೋಡಿದರು ಎಂಬುದನ್ನು ಬರೆದುಕೊಳ್ಳಲಿ. ಮೂರನೆಯದು, "ಹೆಂಗಾಗೇತಿ?" ಎಂದು ಕೇಳಬಾರದು, ಆ ಪ್ರಶ್ನೆಗೆ "ಚಲೋ ಆಗೇತಿ" ಎಂಬ ಒಂದೇ ಉತ್ತರವಿದೆ. "ಎಲ್ಲಿ ತಿಳಿಯಲಿಲ್ಲ? ಎಲ್ಲಿ ಬೇಸರವಾಯಿತು? ಎರಡು ದಿನದ ಮೇಲೆ ಏನು ನೆನಪಿನಲ್ಲಿ ಉಳಿಯಿತು?" ಎಂದು ಕೇಳಬೇಕು. ನಾಲ್ಕನೆಯದು, ಅವರು ಹೇಳುತ್ತಿರುವಾಗ ಬಾಯಿ ಮುಚ್ಚಿಕೊಂಡಿರಬೇಕು. "ಅದು ಹಂಗಲ್ರೀ, ನಮ್ಮ ಅರ್ಥ ಏನಿತ್ತಂದ್ರ" ಎಂದು ಬಾಯಿ ತೆರೆದವನು ಅಲ್ಲಿಗೆ ಕಲಿಯುವುದನ್ನು ನಿಲ್ಲಿಸಿದನು. ಸಿನೆಮಾ ಮಂದಿರದಲ್ಲಿ ಪ್ರತಿಯೊಬ್ಬ ಪ್ರೇಕ್ಷಕನ ಪಕ್ಕದಲ್ಲಿ ಕುಳಿತು ಅರ್ಥ ಹೇಳಲು ನಾವಿರುವುದಿಲ್ಲ. ಐದನೆಯದು, ದೋಷದ ಸ್ಥಳವನ್ನು ಅವರಿಂದ ತಿಳಿದುಕೊಂಡು ಮದ್ದನ್ನು ನಾವೇ ಅರೆಯಬೇಕು.

ಗುರುಗಳಲ್ಲಿ ಒಂದು ವಿನಂತಿ. ಸ್ನೇಹಸಮ್ಮೇಳನದ ಮೂರು ದಿನಗಳಲ್ಲಿ ಸನ್ಮಾನಕ್ಕೆ, ಹಾರಕ್ಕೆ, ಸ್ಮರಣಿಕೆಗೆ ಎಷ್ಟೋ ತಾಸು ಹೋಗುತ್ತವೆ. ಅದರಲ್ಲಿ ಅರ್ಧ ತಾಸನ್ನು, ಆಡಿದವರು ಸುಮ್ಮನೆ ಕುಳಿತು ನೋಡಿದವರ ಮಾತು ಕೇಳುವುದಕ್ಕೆ ಇಡಬೇಕು. ಮೊದಲ ವರ್ಷ ಯಾರೂ ಬಾಯಿ ಬಿಡಲಿಕ್ಕಿಲ್ಲ. ಎರಡನೆಯ ವರ್ಷ ಬಿಟ್ಟಾರು. ಹೇಳುವವನಿಗೂ ಅದು ಶಿಕ್ಷಣವೇ. ಮನ ನೋಯದಂತೆ ನಿಜವನ್ನು ಹೇಳುವ ವಿದ್ಯೆ ನಮ್ಮ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಆ ಹಿರಿಯ ತಾಯಿಗೆ ಅದು ಬಂದಿತ್ತು; ಪದವಿಗಾಗಿ ಓದುತ್ತಿರುವ ನಮಗೆ ಇನ್ನೂ ಬರಬೇಕಾಗಿದೆ.

ಈ ನಿಯಮ ಈ ಬರಹಕ್ಕೂ ಸಲ್ಲುತ್ತದೆ. ಓದಿದ ಮಿತ್ರರು ನನ್ನನ್ನು ಕಾರಿಡಾರಿನಲ್ಲಿ ಕಂಡಾಗ "ಚಲೋ ಬರದೀ" ಎಂದು ಮುಂದೆ ಹೋಗದೆ, ಯಾವ ಪುಟದಲ್ಲಿ ಆಕಳಿಕೆ ಬಂದಿತೆಂಬುದನ್ನು ಹೇಳಿದರೆ ಉಪಕೃತನಾಗುವೆನು.